ರಿಚರ್ಡ್ ರೈಟ್ (1943–2008)

ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ರಾಕ್ ತಂಡದ ಸ್ಥಾಪಕ ಸದಸ್ಯರಲ್ಲೊಬ್ಬ. ಕೀಬೋರ್ಡ್ ವಾದಕ, ಗೀತಸಂಯೋಜಕ, ಗಾಯಕ. ಪೂರ್ಣ ಹೆಸರು ರಿಚರ್ಡ್ ವಿಲಿಯಂ ರೈಟ್. ಒಡನಾಡಿಗಳ ಬಾಯಲ್ಲಿ ರಿಕ್. ಇದೇ ಹೆಸರಿನ ಅಮೆರಿಕದ ಕಾದಂಬರಿಕಾರ ಬೇರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಗತ್ತಿನ ನಾನಾ ದೇಶಗಳ ಕೋಟ್ಯಂತರ ಜನರು ಆಲಿಸಿದ ಸಂಗೀತವೊಂದರ ನಿರ್ಮಾಣದಲ್ಲಿ ಈತನ ಪಾಲು ಎಷ್ಟು ದೊಡ್ಡದೋ, ಆ ಸಂಗೀತವನ್ನು ನೆನೆಯುವಾಗ ಜನರ ನಾಲಗೆಗೆ ಬರುವ ಹೆಸರುಗಳಲ್ಲಿ ಈತನದು ಅಷ್ಟೇ ಹಿಂದಿನದು. ಹಾಡಿನ ಮಾತನ್ನೂ ಮಟ್ಟನ್ನೂ ಕಟ್ಟಿದವನಿಗೆ ಕರ್ತೃತ್ವವನ್ನು ಬರೆದುಕೊಡುವ ಗ್ರಾಮಫೋನ್ ಉದ್ಯಮದ ಲೆಕ್ಕಪುಸ್ತಕದಲ್ಲಿ, ಆ ಮಾತಿಗೂ ಮಟ್ಟಿಗೂ ಆವರಣವಾಗಿ ನಿಲ್ಲುವ ನಾದವನ್ನು ಕಟ್ಟಿದವನಿಗೆ ಪ್ರತ್ಯೇಕವಾದ ಅಂಕಣವಿಲ್ಲ; ರೈಟನ ಬಾಳಿನ ಏಳುಬೀಳುಗಳಲ್ಲಿ ಬಹುಪಾಲು ಈ ಒಂದು ಕೊರತೆಯೊಡನೆ ಹೆಣೆದುಕೊಂಡಿವೆ.

1943ರ ಜುಲೈ 28ರಂದು ಲಂಡನ್ನಿನ ವಾಯವ್ಯ ಹೊರವಲಯದ ಹ್ಯಾಚ್ ಎಂಡ್ ಎಂಬಲ್ಲಿ ಈತ ಜನಿಸಿದನು. ತಂದೆ ಜೀವರಸಾಯನ ವಿಜ್ಞಾನಿ. ತಾಯಿ ವೇಲ್ಸ್ ಪ್ರಾಂತದವಳು. ಹನ್ನೆರಡನೆಯ ವಯಸ್ಸಿನಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಿದ್ದಾಗ, ಹೊತ್ತು ಕಳೆಯಲೆಂದು ಗಿಟಾರನ್ನು ಕೈಗೆತ್ತಿಕೊಂಡು, ಗುರುವಿನ ಹಂಗಿಲ್ಲದೆ ತನಗೆ ತೋಚಿದಂತೆ ಬೆರಳಾಡಿಸಿ ಕಲಿತನೆಂದೂ, ಪಿಯಾನೊ ಮತ್ತು ತುತ್ತೂರಿಗಳೂ ಹೀಗೆಯೇ ಒಲಿದವೆಂದೂ ತಿಳಿದುಬರುತ್ತದೆ. ಜಾಸ್ ಸಂಗೀತದ ಮೈಲ್ಸ್ ಡೇವಿಸ್, ಜಾನ್ ಕಾಲ್ಟ್ರೇನ್ ಮೊದಲಾದವರ ಗ್ರಾಮಫೋನ್ ತಟ್ಟೆಗಳು ಈತನ ತಾರುಣ್ಯದ ಪಾಠಪುಸ್ತಕಗಳಾದವು. ರಾಕ್ ಸಂಗೀತಕ್ಕೆ ಈತ ಬಂದದ್ದು ಜಾಸ್‌ನ ಹಾದಿಯಿಂದ ಎಂಬುದನ್ನು ನೆನಪಿನಲ್ಲಿಡದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

1962ರಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಯಾಗಿ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ ಸೇರಿದ ರೈಟನಿಗೆ ಕಟ್ಟಡಗಳ ನಕ್ಷೆಯಲ್ಲಿ ಆಸಕ್ತಿ ಹುಟ್ಟಲಿಲ್ಲ. ಅದೇ ತರಗತಿಯಲ್ಲಿದ್ದ ರೋಜರ್ ವಾಟರ್ಸ್ ಮತ್ತು ನಿಕ್ ಮೇಸನ್ನರ ಸಹವಾಸವು ಮಾತ್ರ ಜೀವಮಾನದ ಬಂಧವಾಯಿತು, ಬಂಧನವೂ ಆಯಿತು. ಮೂವರೂ ಸಿಗ್ಮಾ ಸಿಕ್ಸ್ ಎಂಬ ವಿದ್ಯಾರ್ಥಿತಂಡದಲ್ಲಿ ನುಡಿಸಿದರು. ಆ ತಂಡದಲ್ಲಿ ಹಾಡುತ್ತಿದ್ದ ಜೂಲಿಯೆಟ್ ಗೇಲ್ ಎಂಬಾಕೆಯನ್ನು ರೈಟ್ 1964ರಲ್ಲಿ ಮದುವೆಯಾದನು. ಅದೇ ವರ್ಷ ಈತನ ಹಾಡೊಂದು ಬೇರೊಂದು ತಂಡದ ತಟ್ಟೆಯ ಹಿಂಬದಿಯಲ್ಲಿ ಪ್ರಕಟವಾಯಿತಾಗಿ, ಮುಂದೆ ಗೀತರಚನೆಯಿಂದಲೇ ಕೋಟ್ಯಧೀಶನಾದ ವಾಟರ್ಸನಿಗಿಂತ ಮೊದಲೇ ಪ್ರಕಟಿತ ಗೀತಕಾರನಾದವನು ರೈಟ್ ಎಂಬ ಮಾತು ಇಲ್ಲಿ ಉಲ್ಲೇಖಾರ್ಹ. ವಾಸ್ತುಶಿಲ್ಪವನ್ನು ಬಿಟ್ಟು ಈತ ಲಂಡನ್ ಕಾಲೇಜ್ ಆಫ್ ಮ್ಯೂಸಿಕ್‌ಗೆ ಸೇರಿದನು. ಕೇಂಬ್ರಿಜಿನಿಂದ ಚಿತ್ರಕಲೆ ಕಲಿಯಲು ಬಂದಿದ್ದ ಸಿಡ್ ಬ್ಯಾರೆಟ್ ತಂಡವನ್ನು ಸೇರಿದ ಮೇಲೆ, ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಎಂಬ ಅಮೆರಿಕದ ಇಬ್ಬರು ಬ್ಲೂಸ್ ಗಾಯಕರ ಮೊದಲ ಹೆಸರುಗಳನ್ನು ಜೋಡಿಸಿ ಆತ ಕೊಟ್ಟ ಹೊಸ ಹೆಸರು ತಂಡಕ್ಕೆ ನಿಂತಿತು.

1966ರ ಕೊನೆಯಿಂದ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ನೆಲಮಾಳಿಗೆಯೊಂದರಲ್ಲಿ ನಡೆಯುತ್ತಿದ್ದ ಯುಫೋ ಕ್ಲಬ್ಬಿನಲ್ಲಿ, ಬಣ್ಣದ ದೀಪಗಳ ಚಲಿಸುವ ಛಾಯೆಗಳ ನಡುವೆ, ಈ ತಂಡವು ಹಾಡಿನ ಚೌಕಟ್ಟನ್ನು ಒಡೆದು ಹತ್ತು ಹದಿನೈದು ನಿಮಿಷಗಳವರೆಗೆ ನಾದವನ್ನು ಬೆಳೆಸುವ ಪದ್ಧತಿಗೆ ಹೆಸರಾಯಿತು. ಆಗ ರೈಟನ ಕೈಯಲ್ಲಿದ್ದದ್ದು ಇಟಲಿಯ ಫಾರ್ಫೀಸಾ ಕಂಪನಿಯ ಸಾಧಾರಣ ವಿದ್ಯುತ್ ಆರ್ಗನ್. ಅದೇ ದೇಶದ ಬಿನ್ಸನ್ ಎಂಬ ಪ್ರತಿಧ್ವನಿಯಂತ್ರದ ಮೂಲಕ ಹಾಯಿಸಿದಾಗ, ತಿರುಗುವ ಕಾಂತೀಯ ಚಕ್ರವೊಂದು ಪ್ರತಿಸ್ವರವನ್ನೂ ಹಿಡಿದು, ತುಸು ತಡೆದು, ಮತ್ತೆ ಮತ್ತೆ ಹಿಂದಿರುಗಿಸುತ್ತಿತ್ತಾದ ಕಾರಣ, ಮದುವೆಮನೆಯ ವಾದ್ಯಗಾರರೂ ಬಳಸುತ್ತಿದ್ದ ಆ ಅಗ್ಗದ ವಾದ್ಯವು ಗುಹೆಯೊಳಗಿನಿಂದ ಬಂದ ಧ್ವನಿಯಂತೆ ಕೇಳಿಸುತ್ತಿತ್ತು.

ರೈಟನ ಯಂತ್ರಗಳಲ್ಲಿ ಅತ್ಯಂತ ವಿಚಿತ್ರವಾದದ್ದು ವಾದ್ಯವೇ ಅಲ್ಲ. 1967ರ ಮೇ 12ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ನಡೆದ ಕಛೇರಿಗಾಗಿ ಬರ್ನಾರ್ಡ್ ಸ್ಪೈಟ್ ಎಂಬ ತಂತ್ರಜ್ಞನು ‘ಅಜಿಮತ್ ಕೋ-ಆರ್ಡಿನೇಟರ್’ ಎಂಬ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟನು. ಅದರ ಮೇಲಿನ ಸಣ್ಣ ಸನ್ನೆಗೋಲನ್ನು ಯಾವ ದಿಕ್ಕಿಗೆ ಬಾಗಿಸಿದರೆ, ಸಭಾಂಗಣದ ಮೂಲೆಗಳಲ್ಲಿಟ್ಟ ಧ್ವನಿವರ್ಧಕಗಳ ಪೈಕಿ ಆ ದಿಕ್ಕಿನದರಿಂದ ಶಬ್ದವು ಹೊಮ್ಮುತ್ತಿತ್ತು. ಆರ್ಗನ್ನಿನ ಮುಂದೆ ಕುಳಿತ ರೈಟ್, ಒಂದು ಕೈಯಲ್ಲಿ ಸ್ವರಗಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ಆ ಕೋಲನ್ನು ನಿಧಾನವಾಗಿ ತಿರುಗಿಸುತ್ತಿದ್ದರೆ, ಹೆಜ್ಜೆಯ ಸಪ್ಪಳವಾಗಲಿ ಹಕ್ಕಿಯ ಕೂಗಾಗಲಿ ಶ್ರೋತೃಗಳ ಬೆನ್ನ ಹಿಂದಿನಿಂದ ಹೊರಟು ಅವರನ್ನು ಸುತ್ತುವರಿದು ಬರುತ್ತಿತ್ತು. ಆ ಪೆಟ್ಟಿಗೆಯು ಕಛೇರಿ ಮುಗಿದೊಡನೆ ಕಳವಾಯಿತು. ಮುಂದೆ ಮಾಡಿಸಿದ ಇನ್ನೊಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಶಬ್ದವನ್ನು ಕೇಳಿಸುವುದಷ್ಟೇ ಅಲ್ಲದೆ ಅದಕ್ಕೊಂದು ಎಡೆಯನ್ನು ನಿರ್ಮಿಸುವ ಈ ಹವ್ಯಾಸವು, ಅರ್ಧಕ್ಕೆ ಬಿಟ್ಟ ವಾಸ್ತುಶಿಲ್ಪದ ಓದಿನ ಶೇಷವಿರಬಹುದೆ ಎಂದು ಊಹಿಸುವವರನ್ನು ತಡೆಯಲಾಗದು.

ಅದೇ ವರ್ಷದ ಮೊದಲ ಆಲ್ಬಂ ‘ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್’ ಮುಖ್ಯವಾಗಿ ಬ್ಯಾರೆಟ್ಟನ ಕೃತಿ. ಆದರೆ ಆತನ ಮನಸ್ಸು ಶೀಘ್ರವಾಗಿ ಹದಗೆಟ್ಟು, ವೇದಿಕೆಯ ಮೇಲೆ ಒಂದೇ ತಂತಿಯನ್ನು ಮೀಟುತ್ತ ನಿಲ್ಲುವ ಸ್ಥಿತಿ ಬಂದಾಗ, ಗಿಟಾರ್ ವಾದಕ ಡೇವಿಡ್ ಗಿಲ್ಮರನನ್ನು ಕರೆತಂದು, 1968ರ ಏಪ್ರಿಲ್‌ನಲ್ಲಿ ಬ್ಯಾರೆಟ್ಟನನ್ನು ತಂಡದಿಂದ ಬಿಡುಗಡೆ ಮಾಡಲಾಯಿತು. ಆ ತಿಂಗಳುಗಳಲ್ಲಿ ಬ್ಯಾರೆಟ್ಟನೊಡನೆ ಒಂದೇ ಮನೆಯಲ್ಲಿ ವಾಸವಾಗಿದ್ದ ರೈಟ್, ಸಿಗರೇಟು ತಂದುಬಿಡುತ್ತೇನೆಂದು ಹೇಳಿ ಹೊರಬಿದ್ದು, ಕಛೇರಿ ಮುಗಿಸಿಕೊಂಡು ಹಿಂದಿರುಗಬೇಕಾಗುತ್ತಿದ್ದ ಸಂಕಟವನ್ನು ಮುಂದೆ ತಾನೇ ಹೇಳಿಕೊಂಡಿದ್ದಾನೆ. ತಂಡದ ವ್ಯವಸ್ಥಾಪಕರಾಗಿದ್ದ ಪೀಟರ್ ಜೆನ್ನರ್ ಮತ್ತು ಆಂಡ್ರ್ಯೂ ಕಿಂಗ್ ಅವರ ದೃಷ್ಟಿಯಲ್ಲಿ ಪಿಂಕ್ ಫ್ಲಾಯ್ಡ್‌ನ ಸಂಗೀತಪ್ರಾಣವಿದ್ದದ್ದು ಬ್ಯಾರೆಟ್ ಮತ್ತು ರೈಟರಲ್ಲಿ; ಆ ಇಬ್ಬರೂ ಬೇರೆಯಾಗುವುದಾದರೆ ತಾವು ಅವರೊಡನೆ ಬರುವುದಾಗಿ ಅವರು ಸೂಚಿಸಿದರು. ರೈಟ್ ಉಳಿದನು, ವ್ಯವಸ್ಥಾಪಕರು ಬ್ಯಾರೆಟ್ಟನ ಹಿಂದೆ ಹೋದರು. 1970ರಲ್ಲಿ ಬ್ಯಾರೆಟ್ಟನ ಎರಡನೆಯ ಏಕಾಂಗಿ ಆಲ್ಬಮ್ಮನ್ನು ಗಿಲ್ಮರನೊಡನೆ ಸೇರಿ ನಿರ್ಮಿಸಿಕೊಟ್ಟವನು ರೈಟನೇ.

ನಾಯಕನಿಲ್ಲದ ತಂಡದಲ್ಲಿ ಒಂದೆರಡು ವರ್ಷ ರೈಟನೇ ಹಾಡುಗಳನ್ನು ಬರೆದು ಹಾಡಿದನು. ‘ರಿಮೆಂಬರ್ ಎ ಡೇ’, ‘ಸೀ-ಸಾ’ ಮೊದಲಾದ ಈ ಕಾಲದ ರಚನೆಗಳಲ್ಲಿ ಬಾಲ್ಯದ ಬಗೆಗಿನ ಒಂದು ಮಸುಕಾದ ಹಂಬಲವಿದೆ. ಸ್ವಂತ ಸಾಹಿತ್ಯದ ಬಗ್ಗೆ ಆತನಿಗೇ ಗೌರವವಿರಲಿಲ್ಲ. ಅವನ್ನು ನೆನೆದರೆ ನಾಚಿಕೆಯಾಗುತ್ತದೆಂಬ ಭಾವದಿಂದ ಮಾತು ಕಟ್ಟುವ ಕೆಲಸವನ್ನು ಕ್ರಮೇಣ ವಾಟರ್ಸನಿಗೆ ಬಿಟ್ಟುಕೊಟ್ಟನು. ‘ರಿಮೆಂಬರ್ ಎ ಡೇ’ಯಂಥ ಹಾಡನ್ನು ಇಂದು ಕೇಳುವವರಿಗೆ ಆ ತೀರ್ಪು ಅತಿ ಕಠೋರವೆನಿಸುತ್ತದೆ, ಆದರೆ ಅದರ ಪರಿಣಾಮವು ಆತನ ಭವಿಷ್ಯವನ್ನು ನಿರ್ಧರಿಸಿತು. 1969ರ ‘ಉಮ್ಮಗುಮ್ಮ’ದಲ್ಲಿ ಸದಸ್ಯರೊಬ್ಬೊಬ್ಬರೂ ಪ್ರತ್ಯೇಕವಾಗಿ ರಚಿಸಬೇಕೆಂದು ಗೊತ್ತಾದಾಗ ರೈಟ್ ಕೊಟ್ಟ ನಾಲ್ಕು ಖಂಡಗಳ ‘ಸಿಸಿಫಸ್’ ಮಹತ್ತ್ವಾಕಾಂಕ್ಷೆಯ ರಚನೆ. ಅದರಲ್ಲಿ ಸಾಹಸವಿದೆ, ಸಿದ್ಧಿ ಕಡಿಮೆ.

ಸಿದ್ಧಿ ಬಂದದ್ದು 1971ರಲ್ಲಿ, ಒಂದೇ ಒಂದು ಸ್ವರದ ರೂಪದಲ್ಲಿ. ನಿರ್ದಿಷ್ಟ ಉದ್ದೇಶವಿಲ್ಲದೆ ಸ್ಟುಡಿಯೊದಲ್ಲಿ ನಾದದ ತುಣುಕುಗಳನ್ನು ಕೂಡಿಹಾಕುತ್ತಿದ್ದಾಗ, ಪಿಯಾನೊದ ಮೇಲಿನ ಸ್ಥಾಯಿಯ ಒಂದು ಸ್ವರವನ್ನು ಲೆಸ್ಲಿ ಎಂಬ ತಿರುಗುವ ಧ್ವನಿವರ್ಧಕದ ಮೂಲಕ ರೈಟ್ ನುಡಿಸಿದನು. ನೀರಿನ ಆಳದಲ್ಲಿ ಹಡಗುಗಳು ಪರಸ್ಪರ ಹುಡುಕಲು ಕಳಿಸುವ ಸಂಕೇತಧ್ವನಿಯಂತಿದ್ದ ಆ ಶಬ್ದದಿಂದ ಇಪ್ಪತ್ತಮೂರು ನಿಮಿಷಗಳ ‘ಎಕೋಸ್’ ಬೆಳೆಯಿತು. ಹಾಡಿನ ಭಾಗದಲ್ಲಿ ಗಿಲ್ಮರ್ ಮತ್ತು ರೈಟರ ಕಂಠಗಳು ಒಂದು ಮತ್ತೊಂದರ ನೆರಳೋ ಎಂಬಂತೆ ಜೊತೆಯಾಗಿ ಸಾಗುತ್ತವೆ. ಭಾರತೀಯ ಕಿವಿಗೆ ಇಲ್ಲಿ ಒಂದು ಮಾತನ್ನು ವಿವರಿಸಿ ಹೇಳಬೇಕು. ನಮ್ಮ ಪದ್ಧತಿಯಲ್ಲಿ ಸ್ವರವು ಸ್ವರವನ್ನು ಹಿಂಬಾಲಿಸಿ ರಾಗವಾಗುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ನುಡಿದು ಸ್ವರಗುಚ್ಛವಾಗುತ್ತವೆ, ಗುಚ್ಛಗಳು ಬದಲಾಗುತ್ತ ಹಾಡು ಮುಂದುವರಿಯುತ್ತದೆ. ರಾಕ್ ಸಂಗೀತವು ಸಾಮಾನ್ಯವಾಗಿ ಈ ಬದಲಾವಣೆಯನ್ನು ಅವಸರದಲ್ಲಿ ಮಾಡುತ್ತದೆ. ರೈಟ್ ಮಾಡುತ್ತಿರಲಿಲ್ಲ: ಒಂದು ಗುಚ್ಛವನ್ನು ದೀರ್ಘಕಾಲ ಹಿಡಿದು, ಅದರೊಳಗಿನ ಒಂದೇ ಸ್ವರವನ್ನು ಮೆಲ್ಲಗೆ ಸರಿಸಿ, ಶ್ರುತಿಯೇ ಬಣ್ಣ ಬದಲಿಸಿತೋ ಎಂಬ ಭ್ರಾಂತಿಯನ್ನು ಹುಟ್ಟಿಸುವುದು ಆತನ ರೀತಿ. ವೇಗದ ಬೆರಳುಗಾರಿಕೆಯೇ ಕೀಬೋರ್ಡ್ ವಾದಕರ ಹೆಗ್ಗಳಿಕೆಯಾಗಿದ್ದ ಕಾಲದಲ್ಲಿ, ಕೀತ್ ಎಮರ್ಸನ್, ರಿಕ್ ವೇಕ್‌ಮನ್ ಮೊದಲಾದವರು ವಾದ್ಯಗಳ ಕೋಟೆಯನ್ನೇ ಕಟ್ಟಿಕೊಂಡು ನುಡಿಸುತ್ತಿದ್ದಾಗ, ನುಡಿಸದೆ ಬಿಟ್ಟ ಸ್ವರಗಳಿಂದ ಹೆಸರು ಪಡೆದವನು ಇವನೊಬ್ಬನೇ ಎಂದರೆ ಅತಿಶಯೋಕ್ತಿಯಾಗದು.

1973ರ ಮಾರ್ಚಿನಲ್ಲಿ ಹೊರಬಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ರೈಟನ ಸೃಷ್ಟಿಶಕ್ತಿಯ ಶಿಖರ. ಕಾಲ, ಹಣ, ಮರಣ, ಚಿತ್ತಭ್ರಮೆಗಳನ್ನು ಕುರಿತ ಆ ಆಲ್ಬಮ್ಮಿನ ಮಾತೆಲ್ಲ ವಾಟರ್ಸನದು. ಆದರೆ ಅದರ ಎರಡು ಸ್ತಂಭಗಳ ಸಂಗೀತವು ರೈಟನದು. ಮೊದಲನೆಯದಾದ ‘ಅಸ್ ಅಂಡ್ ದೆಮ್’ನ ಮೂಲ ಬೇರೆಡೆಯಲ್ಲಿದೆ. ಇಟಲಿಯ ನಿರ್ದೇಶಕ ಮೈಕೆಲಾಂಜೆಲೊ ಆಂಟೋನಿಯೋನಿಯ ‘ಜಬ್ರಿಸ್ಕಿ ಪಾಯಿಂಟ್’ ಚಲನಚಿತ್ರಕ್ಕಾಗಿ, ವಿದ್ಯಾರ್ಥಿಗಳಿಗೂ ಪೊಲೀಸರಿಗೂ ನಡೆಯುವ ಹೊಡೆದಾಟದ ದೃಶ್ಯಕ್ಕೆ, ರೈಟ್ ಗದ್ದಲದ ಸಂಗೀತವನ್ನು ಕೊಡದೆ, ಆ ಹಿಂಸೆಯ ಮೇಲೆ ಹರಡಿದಂತೆ ಶಾಂತವಾದ ಪಿಯಾನೊ ಧಾಟಿಯನ್ನು ಕಟ್ಟಿದನು. ನಿರ್ದೇಶಕನು ಅದು ತೀರ ದುಃಖಮಯವಾಯಿತೆಂದು ತಿರಸ್ಕರಿಸಿದನು. ಮೂಲೆಗೆ ಬಿದ್ದಿದ್ದ ಆ ಧಾಟಿಯೇ ಮೂರು ವರ್ಷಗಳ ಅನಂತರ, ಯುದ್ಧವನ್ನು ಕುರಿತ ವಾಟರ್ಸನ ಮಾತುಗಳನ್ನೂ ಡಿಕ್ ಪ್ಯಾರಿಯ ಸ್ಯಾಕ್ಸೊಫೋನನ್ನೂ ಕೂಡಿಕೊಂಡು ತನ್ನ ನಿಜವಾದ ಸ್ಥಾನವನ್ನು ಸೇರಿತು.

ಎರಡನೆಯದು ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’. ಮೃತ್ಯುವನ್ನು ವಿಷಯವಾಗಿಟ್ಟುಕೊಂಡು ರೈಟ್ ರಚಿಸಿದ್ದ ಈ ಖಂಡವು ಮೊದಮೊದಲಿನ ಕಛೇರಿಗಳಲ್ಲಿ ಆರ್ಗನ್ ಮತ್ತು ಧರ್ಮೋಪದೇಶದ ಧ್ವನಿಸುರುಳಿಗಳಿಂದ ಕೂಡಿತ್ತು. ಧ್ವನಿಮುದ್ರಣದ ಹೊತ್ತಿಗೆ ಪಿಯಾನೊ ಬಂದು ನೆಲೆಸಿತು, ಆದರೂ ಏನೋ ಕೊರತೆಯಿದೆಯೆಂದು ಎಲ್ಲರಿಗೂ ಅನಿಸಿತು. ಧ್ವನಿತಂತ್ರಜ್ಞ ಅಲನ್ ಪಾರ್ಸನ್ಸನ ಸೂಚನೆಯಂತೆ ಕ್ಲೇರ್ ಟೋರಿ ಎಂಬ ಯುವಗಾಯಕಿಯನ್ನು 1973ರ ಜನವರಿಯ ಒಂದು ಭಾನುವಾರ ಸಂಜೆ ಆ್ಯಬಿ ರೋಡ್ ಸ್ಟುಡಿಯೊಗೆ ಕರೆಸಲಾಯಿತು. ಮಾತುಗಳಿಲ್ಲ, ಮಟ್ಟೂ ಇಲ್ಲ; ಪಿಯಾನೊ ಸಾಗುವ ಹಾದಿಯಷ್ಟೇ ಆಕೆಯ ಮುಂದಿತ್ತು. ಮೊದಲು ಲಘುವಾದ ಪ್ರೇಮಗೀತೆಯ ರೀತಿಯಲ್ಲಿ ತೊಡಗಿ, ಅದು ಬೇಡವೆನಿಸಿಕೊಂಡು, ತನ್ನ ಕಂಠವೇ ಒಂದು ವಾದ್ಯವೆಂದು ಭಾವಿಸಿ ಆಕೆ ಹಾಡಿದ ಆಲಾಪನೆಯಲ್ಲಿ ಆಕ್ರಂದನವೂ ಪ್ರತಿಭಟನೆಯೂ ಕೊನೆಗೆ ಶರಣಾಗತಿಯೂ ಒಂದರ ಹಿಂದೊಂದು ಬರುತ್ತವೆ. ಇದು ಖಂಡಿತ ಉಪಯೋಗಕ್ಕೆ ಬಾರದೆಂದು ನಂಬಿ, ಮೂವತ್ತು ಪೌಂಡುಗಳ ಸಂಭಾವನೆಯನ್ನು ಪಡೆದು ಆಕೆ ಮನೆಗೆ ಹೋದಳು. ಆಲ್ಬಂ ಪ್ರಕಟವಾದ ಮೇಲೆ ಅಂಗಡಿಯಲ್ಲಿ ಅದರ ಹೊದಿಕೆಯ ಮೇಲೆ ತನ್ನ ಹೆಸರನ್ನು ಕಂಡಾಗಲೇ ಆಕೆಗೆ ವಿಷಯ ತಿಳಿದದ್ದು. ಮೂರು ದಶಕಗಳ ಬಳಿಕ ಆಕೆ ನ್ಯಾಯಾಲಯಕ್ಕೆ ಹೋದಳು. 2005ರಲ್ಲಿ ರಾಜಿಯಾಗಿ, ಅಂದಿನಿಂದ ಆ ರಚನೆಯ ಕೆಳಗೆ ರೈಟ್ ಮತ್ತು ಟೋರಿ ಎಂಬ ಎರಡು ಹೆಸರುಗಳು ಬರುತ್ತಿವೆ. ಮಾತಿಲ್ಲದ, ಮೊದಲೇ ಗೊತ್ತಾಗಿರದ ನಾದಕ್ಕೂ ಕರ್ತೃತ್ವವುಂಟೆಂಬ ತತ್ತ್ವವು ಹೀಗೆ ರೈಟನದೇ ಕೃತಿಯಲ್ಲಿ, ರೈಟನ ವಿರುದ್ಧ ಪಕ್ಷದಿಂದ ಪ್ರತಿಪಾದಿತವಾದದ್ದು ಒಂದು ವಿಧಿವಿಲಾಸ.

ಇದೇ ಆಲ್ಬಮ್ಮಿನ ‘ಬ್ರೀದ್’ ಹಾಡಿನಲ್ಲಿ, ಸುತ್ತು ಮುಗಿದು ಮೊದಲಿಗೆ ಮರಳುವ ತಿರುವಿನಲ್ಲಿ ಬರುವ ಒಂದು ಸ್ವರಗುಚ್ಛವನ್ನು ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ನಿಂದ ಎತ್ತಿಕೊಂಡದ್ದಾಗಿ ರೈಟ್ ಸಂತೋಷದಿಂದ ಹೇಳುತ್ತಿದ್ದನು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರವರೆಗೆ ಒಟ್ಟು 741 ವಾರ ನಿಂತ ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಜಾಸ್‌ನ ಒಂದು ಮಿಂಚು ಹೀಗೆ ಅಡಗಿ ಕುಳಿತಿದೆ.

1975ರ ‘ವಿಶ್ ಯು ವರ್ ಹಿಯರ್’ ಆಲ್ಬಮ್ಮಿನ ಬಹುಭಾಗವನ್ನು ವ್ಯಾಪಿಸಿರುವ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಬ್ಯಾರೆಟ್ಟನನ್ನು ನೆನೆದು ಮಾಡಿದ ರಚನೆ. ಒದ್ದೆಯ ಬೆರಳಿನಿಂದ ಮದ್ಯದ ಗಾಜಿನ ಬಟ್ಟಲುಗಳ ಅಂಚನ್ನು ಸವರಿ ಹೊರಡಿಸಿದ ನಾದದ ಮೇಲೆ ಆರ್ಗನ್ನನ್ನೂ, ತಂತಿವಾದ್ಯಗಳ ಮೇಳವನ್ನು ಅನುಕರಿಸುವ ಸೊಲೀನಾವನ್ನೂ, ಮಿನಿಮೂಗ್ ಸಿಂಥಸೈಜರನ್ನೂ ಒಂದರ ಮೇಲೊಂದು ಹಾಸಿ ರೈಟ್ ನಿರ್ಮಿಸಿದ ಪೀಠಿಕೆಯು ಎಷ್ಟು ನಿಧಾನವೆಂದರೆ, ಮೊದಲ ಮಾತು ಕೇಳಿಬರುವ ಮುನ್ನ ಎಂಟು ನಿಮಿಷಗಳು ಮೀರುತ್ತವೆ. ರೈಟ್ ಒಬ್ಬನೇ ರಚಿಸಿದ ಕೊನೆಯ ಖಂಡವು ಶವಯಾತ್ರೆಯ ನಡೆಯಲ್ಲಿ ಸಾಗಿ, ಮುಗಿಯುವ ಕ್ಷಣದಲ್ಲಿ ಬ್ಯಾರೆಟ್ಟನ ಹಳೆಯ ಹಾಡು ‘ಸೀ ಎಮಿಲಿ ಪ್ಲೇ’ಯ ಮಟ್ಟನ್ನು ಮಿನಿಮೂಗಿನಲ್ಲಿ ಮೆಲ್ಲಗೆ ಮುಟ್ಟಿ ಮರೆಯಾಗುತ್ತದೆ. ಧ್ವನಿಮುದ್ರಣ ನಡೆಯುತ್ತಿದ್ದಾಗ, ಜೂನ್ 5ರಂದು, ಮೈ ಬೆಳೆದು, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ವ್ಯಕ್ತಿಯೊಬ್ಬನು ಸ್ಟುಡಿಯೊಗೆ ಬಂದು ಕುಳಿತಿದ್ದನು. ಆತನೇ ಬ್ಯಾರೆಟ್ ಎಂದು ಹಳೆಯ ಗೆಳೆಯರಿಗೆ ಗುರುತು ಹತ್ತಲು ಬಹಳ ಹೊತ್ತು ಬೇಕಾಯಿತು.

ಇಲ್ಲಿಂದ ಇಳಿಜಾರು. 1977ರ ‘ಆನಿಮಲ್ಸ್’ ಆಲ್ಬಮ್ಮಿನಲ್ಲಿ ರೈಟನ ಹೆಸರಿನ ಒಂದು ರಚನೆಯೂ ಇಲ್ಲ. ಮರುವರ್ಷ ಫ್ರಾನ್ಸಿನಲ್ಲಿ ಧ್ವನಿಮುದ್ರಿಸಿದ ‘ವೆಟ್ ಡ್ರೀಮ್’ ಎಂಬ ಸ್ವಂತ ಆಲ್ಬಂ, ಸಮುದ್ರಯಾನದ ಪ್ರೀತಿ ಮತ್ತು ಮುರಿಯುತ್ತಿರುವ ದಾಂಪತ್ಯ ಎರಡನ್ನೂ ಸಣ್ಣ ದನಿಯಲ್ಲಿ ಹೇಳಿ, ಯಾರ ಗಮನಕ್ಕೂ ಬಾರದೆ ಹೋಯಿತು. 1979ರಲ್ಲಿ ‘ದಿ ವಾಲ್’ ತಯಾರಾಗುತ್ತಿದ್ದಾಗ ತಂಡವು ಹಣ ಹೂಡಿದ್ದ ಸಂಸ್ಥೆಯು ಕುಸಿದು, ತೆರಿಗೆಯ ಭಯದಿಂದ ಎಲ್ಲರೂ ದೇಶಬಿಟ್ಟು ಕೆಲಸ ಮಾಡಬೇಕಾಗಿ, ಗಡುವಿನ ಒತ್ತಡವೂ ಸೇರಿತ್ತು. ರೈಟ್ ಏನನ್ನೂ ಕೊಡುತ್ತಿಲ್ಲವೆಂದು ವಾಟರ್ಸನ ದೂರು. ಕೊಡಲು ಅವಕಾಶವೇ ಇಲ್ಲವೆಂದು ರೈಟನ ದೂರು. ಎರಡರಲ್ಲೂ ಸತ್ಯಾಂಶವಿತ್ತೆಂದು ತೋರುತ್ತದೆ. ಗ್ರೀಸಿನಲ್ಲಿ ಮಕ್ಕಳೊಡನೆ ರಜೆಯಲ್ಲಿದ್ದವನನ್ನು ಬೇಗ ಬರಬೇಕೆಂದು ಕರೆದಾಗ ಆತ ಒಪ್ಪಲಿಲ್ಲ. ರೈಟ್ ತಂಡವನ್ನು ಬಿಡದಿದ್ದರೆ ಆಲ್ಬಮ್ಮೇ ಹೊರಬಾರದೆಂದು ವಾಟರ್ಸ್ ಪಟ್ಟುಹಿಡಿದನು; ಆರ್ಥಿಕವಾಗಿಯೂ ಮಾನಸಿಕವಾಗಿಯೂ ಕುಗ್ಗಿದ್ದ ರೈಟ್ ಹೋರಾಡದೆ ಒಪ್ಪಿಕೊಂಡನು. ಆದರೂ 1980–81ರ ‘ದಿ ವಾಲ್’ ಪ್ರದರ್ಶನಗಳಲ್ಲಿ ಸಂಬಳದ ವಾದಕನಾಗಿ ಆತನೇ ನುಡಿಸಿದನು. ವೇದಿಕೆಯ ಮೇಲೆ ಪ್ರತಿರಾತ್ರಿ ಗೋಡೆ ಕಟ್ಟಿ ಕೆಡಹುವ ಆ ಪ್ರದರ್ಶನಗಳ ವೆಚ್ಚದಿಂದ ಪಾಲುದಾರರಾದ ಮೂವರೂ ನಷ್ಟಕ್ಕೀಡಾಗಿ, ಕೂಲಿಯವನಾದ ರೈಟನೊಬ್ಬನೇ ಲಾಭ ಪಡೆದನೆಂಬುದು ರಾಕ್ ಇತಿಹಾಸದ ಪ್ರಸಿದ್ಧ ಹಾಸ್ಯಪ್ರಸಂಗ.

ಆತನಿಲ್ಲದೆ ಹೊರಬಂದ 1983ರ ‘ದಿ ಫೈನಲ್ ಕಟ್’ ಆಲ್ಬಮ್ಮನ್ನು ಕೇಳಿದವರಿಗೆ ರೈಟ್ ಏನು ಕೊಡುತ್ತಿದ್ದನೆಂಬುದು ಅಭಾವದಿಂದಲೇ ಅರಿವಾಗುತ್ತದೆ: ಮಾತು ತೀಕ್ಷ್ಣವಾಗಿದೆ, ಗಿಟಾರ್ ಇದೆ, ಆದರೆ ಅವೆರಡರ ನಡುವಣ ಗಾಳಿ ಇಲ್ಲ. ಈ ನಡುವೆ ರೈಟ್ ಡೇವ್ ಹ್ಯಾರಿಸ್ ಎಂಬವನೊಡನೆ ‘ಜೀ’ ಎಂಬ ಹೆಸರಿನಲ್ಲಿ 1984ರಲ್ಲಿ ತಂದ ‘ಐಡೆಂಟಿಟಿ’ ಆಲ್ಬಂ, ಫೇರ್‌ಲೈಟ್ ಗಣಕವಾದ್ಯದ ವ್ಯಾಮೋಹದಲ್ಲಿ ಕಳೆದುಹೋದ ಪ್ರಯೋಗ. ಅದು ತಪ್ಪೆಂದು ಆತನೇ ಒಪ್ಪಿದ್ದಾನೆ.

ವಾಟರ್ಸ್ ನಿರ್ಗಮಿಸಿದ ಮೇಲೆ ಗಿಲ್ಮರ್ ಮತ್ತು ಮೇಸನ್ ತಂಡವನ್ನು ಮುಂದುವರಿಸಿದಾಗ ರೈಟ್ 1987ರ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ಗೆ ತಡವಾಗಿ ಬಂದು ಸೇರಿದನು. ಕಾನೂನಿನ ತೊಡಕಿನಿಂದಾಗಿ ಆಗಲೂ ಸಂಬಳದವನೇ. ಆಲ್ಬಮ್ಮಿನ ಛಾಯಾಚಿತ್ರದಲ್ಲಿ ಆತನ ಮುಖವಿಲ್ಲ. ನಿಜವಾದ ಪುನರಾಗಮನವು 1994ರ ‘ದಿ ಡಿವಿಷನ್ ಬೆಲ್’ನಲ್ಲಿ. ಗಿಲ್ಮರನೊಡನೆ ರಚಿಸಿದ ‘ಮರೂನ್ಡ್’ ಎಂಬ ವಾದ್ಯಸಂಗೀತಕ್ಕೆ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ‘ವೇರಿಂಗ್ ದಿ ಇನ್‌ಸೈಡ್ ಔಟ್’ನಲ್ಲಿ, ಬಹುಕಾಲ ಮೌನವಾಗಿದ್ದವನೊಬ್ಬನು ಮಾತಿಗೆ ಮರಳುವ ಪ್ರಯತ್ನವನ್ನು ಆಂಥನಿ ಮೂರ್ ಬರೆದುಕೊಟ್ಟ ಪದಗಳಲ್ಲಿ ರೈಟ್ ಹಾಡಿದನು. 1973ರ ಅನಂತರ ಪಿಂಕ್ ಫ್ಲಾಯ್ಡ್ ಆಲ್ಬಮ್ಮೊಂದರಲ್ಲಿ ಆತನ ಕಂಠವು ಮುಖ್ಯಗಾಯಕನದಾಗಿ ಕೇಳಿಬಂದದ್ದು ಇದರಲ್ಲೇ. 1996ರ ‘ಬ್ರೋಕನ್ ಚೈನಾ’ ಆತನ ಸ್ವಂತ ಕೃತಿಗಳಲ್ಲಿ ಪ್ರೌಢವಾದದ್ದು. ಮೂರನೆಯ ಪತ್ನಿ ಮಿಲ್ಲಿ ಅನುಭವಿಸಿದ ಮನೋವೈಕಲ್ಯವನ್ನೂ ಚೇತರಿಕೆಯನ್ನೂ ಆಧಾರವಾಗಿಟ್ಟುಕೊಂಡ ಈ ಕಥನಸರಣಿಯ ಎರಡು ಹಾಡುಗಳನ್ನು ಐರ್ಲೆಂಡಿನ ಗಾಯಕಿ ಶಿನೇಡ್ ಓ’ಕಾನರ್ ಹಾಡಿದ್ದಾಳೆ.

2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನ ‘ಲೈವ್ 8’ ಸಮಾರಂಭದಲ್ಲಿ, ಇಪ್ಪತ್ತನಾಲ್ಕು ವರ್ಷಗಳ ಬಳಿಕ, ವಾಟರ್ಸ್ ಸಹಿತ ನಾಲ್ವರೂ ಒಂದೇ ವೇದಿಕೆಯನ್ನೇರಿದರು. ಹೃದಯ ತುಂಬಿ ಜನ ಕೇಳಿದರು. ರೈಟ್ ಎಂದಿನಂತೆ ಒಂದು ಬದಿಯಲ್ಲಿದ್ದನು. ಮರುವರ್ಷ ಗಿಲ್ಮರನ ಸಂಚಾರದಲ್ಲಿ ಜೊತೆಯಾಗಿ, ಆಗಸ್ಟ್ 26ರಂದು ಪೋಲೆಂಡಿನ ಗ್ಡಾನ್ಸ್ಕ್ ಹಡಗುಕಟ್ಟೆಯಲ್ಲಿ ನುಡಿಸಿದ ‘ಎಕೋಸ್’ನಲ್ಲಿ ಇಬ್ಬರು ವೃದ್ಧರ ಸಂಭಾಷಣೆಯಂತೆ ಗಿಟಾರ್ ಮತ್ತು ಆರ್ಗನ್ ಒಂದಕ್ಕೊಂದು ಉತ್ತರ ಕೊಡುವುದನ್ನು ಚಿತ್ರಮುದ್ರಿಕೆಯಲ್ಲಿ ಈಗಲೂ ನೋಡಬಹುದು. ರೈಟನಿಲ್ಲದೆ ಆ ರಚನೆಯನ್ನು ತಾನು ಮತ್ತೆ ನುಡಿಸುವುದಿಲ್ಲವೆಂದು ಗಿಲ್ಮರ್ ಅನಂತರ ಹೇಳಿದನು. 2008ರ ಸೆಪ್ಟೆಂಬರ್ 15ರಂದು, ಅರವತ್ತೈದನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ರೈಟ್ ಲಂಡನ್ನಿನಲ್ಲಿ ನಿಧನನಾದನು. ಗಾಲಾ, ಜೇಮಿ ಮತ್ತು ಬೆನ್ ಈತನ ಮಕ್ಕಳು. ಗಾಲಾಳ ವಿವಾಹವು ತಂಡದ ಬೇಸ್ ಗಿಟಾರ್ ವಾದಕನಾಗಿದ್ದ ಗೈ ಪ್ರ್ಯಾಟ್‌ನೊಡನೆ ಆಯಿತು.

1993–94ರಲ್ಲಿ ನುಡಿಸಿ ಉಳಿದಿದ್ದ ಸುರುಳಿಗಳನ್ನು ಜೋಡಿಸಿ ಗಿಲ್ಮರ್ ಮತ್ತು ಮೇಸನ್ 2014ರ ನವೆಂಬರಿನಲ್ಲಿ ‘ದಿ ಎಂಡ್‌ಲೆಸ್ ರಿವರ್’ ಆಲ್ಬಮ್ಮನ್ನು ಪ್ರಕಟಿಸಿದರು. ಅದರೊಳಗಿನ ‘ಆಟಮ್ ’68’ ಎಂಬುದು 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬೃಹತ್ ಕೊಳವೆ ಆರ್ಗನ್ನಿನ ಮೇಲೆ ರೈಟ್ ನುಡಿಸಿದ್ದ ತುಣುಕು. ಆಲ್ಬಮ್ಮಿನ ಹದಿನೆಂಟು ಖಂಡಗಳಲ್ಲಿ ಒಂದೇ ಒಂದರಲ್ಲಿ ಹಾಡುವ ಮಾತಿದೆ; ಅರ್ಧಕ್ಕಿಂತ ಹೆಚ್ಚಿನವುಗಳ ಕೆಳಗೆ ರಚನಕಾರನೆಂದು ರೈಟನ ಹೆಸರಿದೆ.